ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಮೆಥೈಲೇಷನ್’ ಎಂದಿದ್ದರೆ ಏನರ್ಥ?

ಮಿದುಳಿನ ಗಡ್ಡೆ ತೆಗೆಸಿಕೊಂಡವರ ರಿಪೋರ್ಟ್‌ನಲ್ಲಿ ‘ಎಂಜಿಎಂಟಿ ಪ್ರಮೋಟರ್ ಮೆಥೈಲೇಟೆಡ್’ ಎಂಬ ಸಾಲು ಇರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಇರುವವರಿಗೆ ‘ಎಂಎಲ್‌ಎಚ್1 ಮೆಥೈಲೇಷನ್’ ಪರೀಕ್ಷೆ ಬರೆದುಕೊಡುತ್ತಾರೆ. ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ? ಯಾವ ಜೀನ್, ಯಾವ ಕ್ಯಾನ್ಸರ್ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವ ಡಿಎನ್‌ಎ ಒಂದೇ. ಯಕೃತ್ತಿನ ಕೋಶ ಒಂದು ರೀತಿ, ಚರ್ಮದ ಕೋಶ ಇನ್ನೊಂದು ರೀತಿ ಕೆಲಸ ಮಾಡುವುದು, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಗುರುತುಗಳಿಂದ. ಇವೇ ಎಪಿಜೆನೆಟಿಕ್ ಗುರುತುಗಳು. ಮೆಥೈಲ್ ಎಂಬ ಪುಟ್ಟ ರಾಸಾಯನಿಕ ತುಣುಕು ಜೀನ್‌ನ ಆರಂಭದ ಭಾಗಕ್ಕೆ, ಅಂದರೆ ಪ್ರಮೋಟರ್‌ಗೆ, ಅಂಟಿಕೊಂಡರೆ ಸಾಮಾನ್ಯವಾಗಿ ಆ ಜೀನ್ ಮೌನವಾಗುತ್ತದೆ. ಪುಸ್ತಕದಲ್ಲಿ ಅಕ್ಷರವೇ ತಪ್ಪಾದರೆ ಅದು ಮ್ಯುಟೇಷನ್. ಅಕ್ಷರ ಸರಿಯಿದ್ದೂ ಹಾಳೆಗಳು ಅಂಟಿಕೊಂಡು ಓದಲಾಗದಿದ್ದರೆ ಅದು ಮೆಥೈಲೇಷನ್. ಕ್ಯಾನ್ಸರ್ ಕೋಶಗಳಲ್ಲಿ ಎರಡೂ ನಡೆಯುತ್ತವೆ.

ಮಿದುಳಿನ ಗಡ್ಡೆಯಲ್ಲಿ

ಗ್ಲಿಯೋಬ್ಲಾಸ್ಟೋಮಾಗೆ ಕೊಡುವ ಟೆಮೊಜೊಲೊಮೈಡ್ ಕ್ಯಾಪ್ಸೂಲ್ ಗಡ್ಡೆಯ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಎಂಜಿಎಂಟಿ ಪ್ರೋಟೀನ್ ಆ ಪೆಟ್ಟನ್ನು ರಿಪೇರಿ ಮಾಡುತ್ತದೆ. ಜೀನ್ ಮೆಥೈಲೇಟ್ ಆಗಿದ್ದರೆ ಗಡ್ಡೆಗೆ ರಿಪೇರಿಯ ಶಕ್ತಿ ಕಡಿಮೆ, ಔಷಧಿ ಹೆಚ್ಚು ನಾಟುತ್ತದೆ. ಹಾಗಾಗಿ ಇಲ್ಲಿ ‘ಮೆಥೈಲೇಟೆಡ್’ ಎಂದರೆ ಅನುಕೂಲದ ಸುದ್ದಿ.

2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆಥೈಲೇಟ್ ಆದವರು ರೇಡಿಯೇಷನ್ ಜೊತೆ ಈ ಔಷಧಿ ಪಡೆದಾಗ ಮೀಡಿಯನ್ ಬದುಕು 21.7 ತಿಂಗಳು, ರೇಡಿಯೇಷನ್ ಮಾತ್ರ ಪಡೆದವರಲ್ಲಿ 15.3. ಮೆಥೈಲೇಟ್ ಆಗದವರಲ್ಲಿ ಇದು 12.7 ಮತ್ತು 11.8 ತಿಂಗಳು. ಮೀಡಿಯನ್ ಎಂದರೆ ಗಡುವಲ್ಲ. ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದರು. ‘ಅನ್‌ಮೆಥೈಲೇಟೆಡ್’ ಎಂದು ಬಂದರೆ ಚಿಕಿತ್ಸೆಯೇ ಇಲ್ಲ ಎಂದೂ ಅಲ್ಲ. ಲಾಭ ಕಡಿಮೆಯಾದರೂ ಹಲವರಿಗೆ ಎರಡನ್ನೂ ಕೊಡುತ್ತಾರೆ. ರೇಡಿಯೇಷನ್ ತಡೆದುಕೊಳ್ಳಲಾಗದ ವಯಸ್ಸಾದವರಲ್ಲಿ ಮಾತ್ರ ಈ ಫಲಿತಾಂಶ ನಿರ್ಣಾಯಕವಾಗಬಹುದು: ಮೆಥೈಲೇಟ್ ಆಗಿದ್ದರೆ ಬರೀ ಕ್ಯಾಪ್ಸೂಲ್ ಕೊಡುವ ದಾರಿ ಇರುತ್ತದೆ.

ಮಕ್ಕಳಿಗೂ ಬರುತ್ತದೆಯೇ?

ಕರುಳಿನ ಕ್ಯಾನ್ಸರ್‌ನಲ್ಲಿ ‘ಎಂಎಲ್‌ಎಚ್1 ಕಾಣುತ್ತಿಲ್ಲ’ ಎಂದು ರಿಪೋರ್ಟ್ ಬಂದಾಗ ಮನೆಯವರಿಗೆ ಮೊದಲು ಹೊಳೆಯುವ ಭಯ ಇದು. ಎಂಎಲ್‌ಎಚ್1 ಡಿಎನ್‌ಎಯ ತಪ್ಪು ತಿದ್ದುವ ಜೀನ್. ಅದು ಕೈಕೊಡಲು ಮುಖ್ಯವಾಗಿ ಎರಡು ಕಾರಣ. ಹುಟ್ಟಿನಿಂದ ಬಂದ ಮ್ಯುಟೇಷನ್ ಇದ್ದರೆ ಅದು ಲಿಂಚ್ ಸಿಂಡ್ರೋಮ್. ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಬೇಕು. ಗಡ್ಡೆಯಲ್ಲಿ ಮಾತ್ರ ಮೆಥೈಲೇಷನ್ ಆಗಿದ್ದರೆ, ವಯಸ್ಸಾದವರಲ್ಲಿ ಹೆಚ್ಚಾಗಿ ಆಗುವುದು ಇದೇ, ಸಾಮಾನ್ಯವಾಗಿ ಅದು ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ಆದ್ದರಿಂದ ಮಕ್ಕಳ ಬಗ್ಗೆ ಕಂಗಾಲಾಗುವ ಮೊದಲು, ಮೆಥೈಲೇಷನ್ ಅಥವಾ ಬಿರಾಫ್ ಪರೀಕ್ಷೆ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ. ರೋಗಿ ಚಿಕ್ಕ ವಯಸ್ಸಿನವರಾಗಿದ್ದರೆ ಮೆಥೈಲೇಷನ್ ಇದ್ದರೂ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸುವುದು ಒಳ್ಳೆಯದು.

ಗುರುತು ಅಳಿಸುವ ಇಂಜೆಕ್ಷನ್

ಅಂಟಿದ ಹಾಳೆಗಳನ್ನು ಬಿಡಿಸಲೂ ಸಾಧ್ಯ. ಪ್ರಾಗ್ ನಗರದ ರಸಾಯನ ವಿಜ್ಞಾನಿಗಳು 1964ರಲ್ಲಿ ತಯಾರಿಸಿದ ಅಜಾಸಿಟಿಡಿನ್ ಮೆಥೈಲ್ ಗುರುತುಗಳನ್ನು ಕಡಿಮೆ ಮಾಡುತ್ತದೆ. ಎಂಡಿಎಸ್ ಎಂಬ ಅಸ್ಥಿಮಜ್ಜೆಯ ಕಾಯಿಲೆಗೆ ಇದನ್ನು ಅಮೆರಿಕ 2004ರಲ್ಲಿ ಒಪ್ಪಿತು. ಸಾಮಾನ್ಯವಾಗಿ 28 ದಿನಕ್ಕೊಮ್ಮೆ, 7 ದಿನ ಕೊಡುತ್ತಾರೆ.

ರೋಗಿಗಳು ಎಡವುವುದು ಇಲ್ಲೇ. ಈ ಔಷಧಿ ನಿಧಾನ. ಕೋಶಗಳು ಹಲವು ಸಲ ವಿಭಜನೆಯಾದ ಮೇಲಷ್ಟೇ ಗುರುತುಗಳು ಕರಗುತ್ತವೆ. ಮೊದಲ ತಿಂಗಳುಗಳಲ್ಲಿ ರಕ್ತದ ಕೌಂಟ್ ಇನ್ನೂ ಇಳಿಯಬಹುದು. “ಎರಡು ಸಲ ಕೊಡಿಸಿದೆವು, ಏನೂ ಆಗಲಿಲ್ಲ” ಎಂದು ನಿಲ್ಲಿಸಿಬಿಟ್ಟರೆ ಅಷ್ಟೂ ಕಷ್ಟ, ಖರ್ಚು ವ್ಯರ್ಥ. ಕಾಯಿಲೆ ಉಲ್ಬಣಿಸದೆ, ದೇಹ ತಡೆದುಕೊಂಡರೆ ಕನಿಷ್ಠ 6 ಸೈಕಲ್ ನೋಡಿಯೇ ಫಲ ಅಳೆಯಬೇಕು. ಈ ಅವಧಿಯಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲೆಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನು ‘ಜೀನ್ ಸ್ವಿಚ್ ಸರಿಪಡಿಸುವ’ ಪುಡಿ, ಮಾತ್ರೆಗಳ ಜಾಹೀರಾತು. ಗಡ್ಡೆಯ ಗುರುತುಗಳನ್ನು ಸರಿಪಡಿಸಿ ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಸಾಬೀತಾದ ಆಹಾರವಾಗಲಿ ಸಪ್ಲಿಮೆಂಟ್ ಆಗಲಿ ಇಲ್ಲ. ಕ್ಯಾಪೆಸಿಟಾಬಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಫೋಲಿಕ್ ಆಸಿಡ್ ಸೇರಿಸಿಕೊಂಡರೆ ಅಡ್ಡಪರಿಣಾಮ ಹೆಚ್ಚಾಗಬಹುದು.

ಮೈಕ್ರೋಆರ್‌ಎನ್‌ಎ ಪರೀಕ್ಷೆ ಬೇಕೇ?

ಪ್ರೋಟೀನ್ ತಯಾರಿಸದೆ, ಬೇರೆ ಜೀನ್‌ಗಳನ್ನು ಹದ್ದುಬಸ್ತಿನಲ್ಲಿಡುವ ಆರ್‌ಎನ್‌ಎ ತುಣುಕುಗಳೂ ನಮ್ಮ ಕೋಶಗಳಲ್ಲಿವೆ. ಮೈಕ್ರೋಆರ್‌ಎನ್‌ಎ ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಸಿಎಲ್‌ಎಲ್ ಎಂಬ ರಕ್ತ ಕ್ಯಾನ್ಸರ್‌ನಲ್ಲಿ ಇಂಥ ಎರಡು ತುಣುಕುಗಳು ಕಳೆದುಹೋಗಿರುತ್ತವೆ ಎಂಬುದು 2002ರಲ್ಲೇ ತಿಳಿದಿತ್ತು. ಆದರೆ ತಿಳಿವಳಿಕೆ ಔಷಧಿಯಾಗುವ ದಾರಿ ಉದ್ದ. ಮೈಕ್ರೋಆರ್‌ಎನ್‌ಎಯನ್ನು ಹೋಲುವ ಎಂಆರ್‌ಎಕ್ಸ್34 ಔಷಧಿಯ ಪ್ರಯೋಗ ತೀವ್ರ ಅಡ್ಡಪರಿಣಾಮಗಳಿಂದ 2016ರಲ್ಲಿ ನಿಂತುಹೋಯಿತು. ಯಾರಾದರೂ ದುಬಾರಿ ಮೈಕ್ರೋಆರ್‌ಎನ್‌ಎ ರಕ್ತಪರೀಕ್ಷೆ ಸೂಚಿಸಿದರೆ, ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದರ ಫಲಿತಾಂಶದಿಂದ ನಮ್ಮ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?