ಮಹಾಪಧಮನಿಯ ಮೇಲೊಂದು ಕಣ್ಣು: ಲಂಡನ್ ಕಲಿತ ಪಾಠ

ಹುಟ್ಟಿನಿಂದಲೇ ಹೃದಯದೋಷವಿದ್ದ ಮಗುವಿನ ಶಸ್ತ್ರಚಿಕಿತ್ಸೆ ಯಶಸ್ವಿಯಾದಾಗ, ಗಂಡಾಂತರ ಕಳೆಯಿತೆಂದು ಮನೆಯವರು ನೆಮ್ಮದಿಪಡುವುದು ಸಹಜ. ಒಂದು ಕಾಲದಲ್ಲಿ ಅನೇಕ ವೈದ್ಯರೂ ಹಾಗೆಯೇ ಭಾವಿಸಿದ್ದರು. ಆ ಭಾವನೆಯನ್ನು ತಿದ್ದಿದ ಇತಿಹಾಸದಲ್ಲಿ ನಾವು ನೆಲೆಸಿರುವ ಲಂಡನ್ನಿಗೆ ವಿಶೇಷ ಸ್ಥಾನವಿದೆ.

ಹೃದಯದಿಂದ ದೇಹಕ್ಕೆಲ್ಲ ರಕ್ತವನ್ನೊಯ್ಯುವ ದೊಡ್ಡ ನಾಳವೇ ಮಹಾಪಧಮನಿ, ಅಂದರೆ ಅಯೋರ್ಟಾ. ಕೆಲವರಲ್ಲಿ ಇದು ಹುಟ್ಟಿನಿಂದಲೇ ಒಂದೆಡೆ ಕಿರಿದಾಗಿರುತ್ತದೆ. 1944ರಲ್ಲಿ ಸ್ಟಾಕ್‌ಹೋಮಿನ ಕ್ಲಾರೆನ್ಸ್ ಕ್ರಾಫೂರ್ಡ್ ಆ ಭಾಗವನ್ನು ಕತ್ತರಿಸಿ ತೆಗೆದು ನಾಳವನ್ನು ಮತ್ತೆ ಜೋಡಿಸಿದರು. 1947ರಲ್ಲಿ ಅಮೆರಿಕದ ಆಲ್ಫ್ರೆಡ್ ಬ್ಲೇಲಾಕ್ ಲಂಡನ್ನಿನ ಗೈಸ್ ಆಸ್ಪತ್ರೆಗೆ ಬಂದು, ಮೈ ನೀಲಿಗಟ್ಟುವ ಮಕ್ಕಳಿಗೆ ತಮ್ಮ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಈ ನೀಲಿ ಬಣ್ಣಕ್ಕೆ ಮುಖ್ಯ ಕಾರಣವಾದ ಫ್ಯಾಲೋಟ್ ಟೆಟ್ರಾಲಜಿ ಎಂಬ ದೋಷವನ್ನು ಪೂರ್ಣವಾಗಿ ಸರಿಪಡಿಸುವ ಶಸ್ತ್ರಚಿಕಿತ್ಸೆ 1954ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮೊದಲಾಯಿತು.

ಹೀಗೆ ಉಳಿದ ಮಕ್ಕಳು ಪ್ರಾಯಕ್ಕೆ ಬಂದರು. ಮಕ್ಕಳ ಆಸ್ಪತ್ರೆಯ ವಯಸ್ಸು ದಾಟಿತ್ತು. ದೊಡ್ಡವರ ವೈದ್ಯರಿಗೆ ಇಂತಹ ಹೃದಯಗಳ ಪರಿಚಯ ಸಾಲದು. ಈ ಕೊರತೆಯನ್ನು ಮನಗಂಡ ಡಾ. ಜೇನ್ ಸೊಮರ್‌ವಿಲ್, ಇವರಿಗಾಗಿಯೇ 1975ರಲ್ಲಿ ಲಂಡನ್ನಿನ ನ್ಯಾಷನಲ್ ಹಾರ್ಟ್ ಆಸ್ಪತ್ರೆಯಲ್ಲಿ ಪ್ರತ್ಯೇಕ ವಾರ್ಡೊಂದನ್ನು ತೆರೆಸಿದರು.

ಬಹುಕಾಲದ ತಪಾಸಣೆಯಿಂದ ಹೊಸ ಸತ್ಯಗಳು ಗೋಚರಿಸಿದವು. ಕಿರಿದಾದ ನಾಳವನ್ನು ಸರಿಪಡಿಸಿದವರಲ್ಲಿ ಕೆಲವರಿಗೆ ರಕ್ತದೊತ್ತಡ ಉಳಿಯುತ್ತಿತ್ತು; ಹಳೆಯ ಜೋಡಣೆಯ ಬಳಿ ನಾಳ ಉಬ್ಬುತ್ತಿತ್ತು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಟೆಟ್ರಾಲಜಿ ಸರಿಪಡಿಸಿಕೊಂಡ ವಯಸ್ಕರಲ್ಲಿ ಸುಮಾರು ಶೇ. 15 ಮಂದಿಗೆ ಮಹಾಪಧಮನಿಯ ಬುಡ ಹಿಗ್ಗಿರುವುದು ಕಂಡುಬಂತು. ಶಸ್ತ್ರಚಿಕಿತ್ಸೆಗೆ ಮುನ್ನ ಆ ನಾಳದಲ್ಲಿ ಮಿತಿಮೀರಿ ಹರಿದ ರಕ್ತವೂ, ನಾಳದ ಗೋಡೆಯಲ್ಲೇ ಇರುವ ದೌರ್ಬಲ್ಯವೂ ಇದಕ್ಕೆ ಕಾರಣಗಳು. ಟೆಟ್ರಾಲಜಿಯವರಲ್ಲಿ ನಾಳದ ಗೋಡೆ ಸೀಳುವುದು ಅಪರೂಪ. ಆದರೆ ಹಿಗ್ಗುವಿಕೆ ಸದ್ದಿಲ್ಲದೆ ಸಾಗುವುದರಿಂದ ಸ್ಕ್ಯಾನ್ ಮಾಡದೆ ತಿಳಿಯದು.

ನಮ್ಮ ಸದಸ್ಯ ಕುಟುಂಬಗಳಿಗೂ ಈ ಇತಿಹಾಸ ಸಂಬಂಧಿಸಿದ್ದು. ಬಾಲ್ಯದಲ್ಲಿ ಬೆಂಗಳೂರಿನಲ್ಲೋ ಬೇರೆಡೆಯೋ ಹೃದಯದ ಶಸ್ತ್ರಚಿಕಿತ್ಸೆಯಾಗಿ ಇಲ್ಲಿಗೆ ಬಂದವರು, ಆರೋಗ್ಯವಾಗಿದ್ದರೂ ಆ ಹಳೆಯ ದಾಖಲೆಯನ್ನು ಜಿಪಿ ವೈದ್ಯರಿಗೆ ತೋರಿಸಿ, ವಯಸ್ಕರ ಜನ್ಮಜಾತ ಹೃದ್ರೋಗ ಕೇಂದ್ರಕ್ಕೆ ಶಿಫಾರಸು ಕೇಳುವುದು ಒಳಿತು. ಗರ್ಭಧಾರಣೆಗೆ ಮುನ್ನ ಈ ಸಲಹೆ ಅತ್ಯವಶ್ಯ. ಎದೆಯಲ್ಲಾಗಲಿ ಬೆನ್ನಲ್ಲಾಗಲಿ ಹಠಾತ್ತನೆ ತೀವ್ರ ನೋವು ಬಂದರೆ ತಡಮಾಡದೆ 999ಕ್ಕೆ ಕರೆಮಾಡತಕ್ಕದ್ದು.