ಉತಾರದ ಮೂಲ ಎಲ್ಲಿದೆ?

ನಮ್ಮ ಕಡೆ ಪಹಣಿಗೆ ‘ಉತಾರ’ ಅನ್ನುತ್ತಾರೆ. ಮರಾಠಿಯಿಂದ ಬಂದ ಈ ಮಾತಿಗೆ ನಕಲು ಎಂದರ್ಥ. ಕೈಯಲ್ಲಿರುವುದು ಪ್ರತಿ, ಮೂಲ ಬೇರೆಲ್ಲೋ ಇದೆ ಎಂಬುದು ಹೆಸರಿನಲ್ಲೇ ಇದೆ. ಸಂಶೋಧನೆಗೆಂದು ತಿರುಗುವಾಗ ಕಚೇರಿಯೊಂದರ ಸಾಲಿನಲ್ಲಿ ನಿಂತಿದ್ದೆ. ಒಳಗಿನಿಂದ ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬ ದನಿ ಬಂತು. ಹಾಗಾದರೆ ಮೂಲ ಇರುವುದೆಲ್ಲಿ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಮೊದಲು ಅದು ಕಲ್ಲಿನಲ್ಲಿತ್ತು. ಬೈಲಹೊಂಗಲ ಬಳಿಯ ಸೊಗಲದಲ್ಲಿ ಕ್ರಿ.ಶ. 980ರ ಶಾಸನವಿದೆ, ಸವದತ್ತಿ ರಟ್ಟರ ರಾಜಧಾನಿಯಾಗಿತ್ತು. ದತ್ತಿ ಭೂಮಿಯ ವಿವರ ಕೊರೆದು, ಮೇಲೆ ಸೂರ್ಯಚಂದ್ರರನ್ನು ಕೆತ್ತುವುದು ಅಂದಿನ ರೂಢಿ. ಕಲ್ಲು ಬಾಳುತ್ತದೆ. ಆದರೆ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾದರೆ ಅದನ್ನು ತಿದ್ದಲಾಗದು.

ತಿದ್ದಲು ಬರುವ ದಾಖಲೆ ಕುಲಕರ್ಣಿಯ ದಫ್ತರದಲ್ಲಿತ್ತು. ಅದು ಒಂದೇ ಮನೆಯ, ಒಂದೇ ಕೈಯ ಸ್ವತ್ತು. ಗೆದ್ದಲಿಗೂ ದುರಾಸೆಗೂ ಸುಲಭದ ತುತ್ತು. ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ಕುಲಕರ್ಣಿ ವತನವನ್ನು ರದ್ದುಮಾಡಿತು. ಅದಕ್ಕೆ ತುಸು ಮುಂಚೆ, 1948ರಲ್ಲಿ, ರಾಮದುರ್ಗ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿತ್ತು.

2001ರ ಹೊತ್ತಿಗೆ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕಿತ್ತೂರು ಆಗಿನ್ನೂ ಬೈಲಹೊಂಗಲ ತಾಲ್ಲೂಕಿನಲ್ಲೇ ಇತ್ತು. ಮೊದಲು ಆಯಾ ತಾಲ್ಲೂಕಿನ ಕಂಪ್ಯೂಟರಿನಲ್ಲಿದ್ದ ದತ್ತಾಂಶ, ಮುಂದೆ ದೂರದ ಕೇಂದ್ರ ಸರ್ವರಿಗೆ ಹೋಯಿತು. 

ಈ ದೂರ ಕೆಟ್ಟದ್ದೇನಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಹಳ್ಳಿಗಳು ಮುಳುಗಿದವು. ಅಂಥ ನೀರು ದೂರದೂರಿನ ಸರ್ವರನ್ನು ಮುಟ್ಟಲಾರದು. ಕ್ಲೌಡ್ ಎನ್ನುವುದೂ ಇದೇ ದಾರಿಯ ಮುಂದಿನ ಹೆಜ್ಜೆ: ಒಂದೇ ದಾಖಲೆಯ ಹಲವು ಪ್ರತಿಗಳು ಬೇರೆ ಬೇರೆ ಕಡೆ ಇರುತ್ತವೆ. ಆದರೂ ನೂರಕ್ಕೆ 99.9ರಷ್ಟು ಲಭ್ಯತೆಯ ಭರವಸೆಯೆಂದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಬಾಗಿಲು ಮುಚ್ಚಿದಂತೆ. ಅದನ್ನು ರೈತ ಸಹಿಸಿಕೊಂಡಾನು.

ಸಹಿಸಲಾಗದ್ದು ಬೇರೆ. ಒಂದು ಪ್ರತಿಯಲ್ಲಿ ಹೆಸರು ತಪ್ಪಿದರೆ, ಆ ತಪ್ಪು ಉಳಿದ ಪ್ರತಿಗಳಿಗೂ ಕ್ಷಣದಲ್ಲಿ ಹರಡುತ್ತದೆ. ಪ್ರತಿಗಳು ಎಷ್ಟೇ ಇರಲಿ, ನಿನ್ನೆ ಏನಿತ್ತೆಂದು ಅವು ಹೇಳಲಾರವು. ಅದನ್ನು ಹೇಳುವುದು ನಮ್ಮವರು ‘ವರ್ದಿ’ ಅನ್ನುವ ಹಕ್ಕು ಬದಲಾವಣೆಯ ದಾಖಲೆ: ಯಾರಿಂದ ಯಾರಿಗೆ, ಯಾವಾಗ, ಯಾವ ಆಧಾರದ ಮೇಲೆ. ಡೇಟಾಬೇಸ್ ಬಲ್ಲವರು ಇಂಥದ್ದನ್ನೇ ಲಾಗ್ ಎನ್ನುತ್ತಾರೆ. ಕೆಟ್ಟ ದತ್ತಾಂಶವನ್ನು ಹಿಂದಿನ ಸ್ಥಿತಿಗೆ ತರಲು ಹಳೆಯ ಬ್ಯಾಕಪ್ಪಿನ ಜೊತೆ ಅದೂ ಬೇಕು.

ಆದ್ದರಿಂದ ಸರ್ವರ್ ಎದ್ದಿದೆಯೇ ಎಂದು ಕೇಳಿದರಷ್ಟೇ ಸಾಲದು. ವರ್ದಿ ಉಳಿದಿದೆಯೇ ಎಂದೂ ಕೇಳಬೇಕು. ಉತಾರದ ಮೂಲ ಇರುವುದು ಅಲ್ಲಿ.