ಲೋಕಾಪವಾದವೂ ದೂರದರ್ಶನವೂ

ಉತ್ತರಕಾಂಡದಲ್ಲಿ ಭದ್ರನೆಂಬವನೊಬ್ಬನು ಬರುತ್ತಾನೆ. ಪರಿಹಾಸದ ಮಾತುಗಳನ್ನಾಡುತ್ತ ಆಪ್ತರ ನಡುವೆ ಕುಳಿತಿದ್ದ ಶ್ರೀರಾಮನು, ಪುರಜನರು ತನ್ನ ವಿಷಯದಲ್ಲಿ ಏನೆನ್ನುತ್ತಾರೆಂದು ಕೇಳಲು, ಅವನು ಮೊದಲು ಒಳ್ಳೆಯದನ್ನೇ ಹೇಳಿ, ಮತ್ತೆ ಒತ್ತಿ ಕೇಳಿದ ಮೇಲೆ, ಚೌಕಗಳಲ್ಲಿಯೂ ಅಂಗಡಿಬೀದಿಗಳಲ್ಲಿಯೂ ಉಪವನಗಳಲ್ಲಿಯೂ ಸೀತೆಯ ವಿಷಯವಾಗಿ ಹರಡಿದ್ದ ಮಾತನ್ನು ಅರಿಕೆಮಾಡುತ್ತಾನೆ. ಮುಂದಿನ ಕಥೆ ಎಲ್ಲರಿಗೂ ತಿಳಿದುದೇ. ಅರಮನೆಯವರ ದಾಂಪತ್ಯದ ವೃತ್ತಾಂತವು ಅಂಗಡಿಬೀದಿಗೆ ಏತಕ್ಕೆ ಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ. ಸೀತೆಯನ್ನಂತೂ ಯಾರೂ ಕೇಳಲೇ ಇಲ್ಲ.

ಪ್ರಸಿದ್ಧರಾದವರ ಮನೆಯೊಳಗಣ ಮಾತನ್ನು ಅರಿಯಬೇಕೆಂಬ ಕುತೂಹಲವು ಇಷ್ಟು ಹಳೆಯದು. ಅದು ಏರಿಕೊಂಡು ಬರುವ ವಾಹನ ಮಾತ್ರ ಹೊಸದು. ಮೊದಲು ವೃತ್ತಪತ್ರಿಕೆ, ಆಮೇಲೆ ಚಲಚ್ಚಿತ್ರ, ಆಮೇಲೆ ನಡುಮನೆಯಲ್ಲಿಯೇ ಬಂದು ಕುಳಿತ ದೂರದರ್ಶನ. ಈ ಕುತೂಹಲದ ಪೆಟ್ಟು ಯಾರ ಮೇಲೆ ಅತ್ಯಂತ ಕಠಿಣವಾಗಿ ಬಿದ್ದಿತೆಂಬುದನ್ನು ವಿಚಾರಿಸಿದರೆ, ತಮ್ಮ ಲಿಂಗದವರಲ್ಲಿಯೇ ಅನುರಾಗವುಳ್ಳ ಸ್ತ್ರೀಪುರುಷರ ಚರಿತ್ರೆಯು ಕಣ್ಣಮುಂದೆ ನಿಲ್ಲುತ್ತದೆ. ಇವರನ್ನು ಈಗ ಸಲಿಂಗಾನುರಾಗಿಗಳೆಂದು ಕರೆಯುವುದುಂಟು. ದೂರದರ್ಶನವು ಇವರಿಗೆ ಬಿಡುಗಡೆಯನ್ನು ತಂದಿತೆಂದು ಕೆಲವರೂ, ಲೋಕವನ್ನು ಕೆಡಿಸಿತೆಂದು ಕೆಲವರೂ ವಾದಿಸುತ್ತಾರೆ. ಎರಡು ಪಕ್ಷದವರೂ ಒಂದು ಭೇದವನ್ನು ಮರೆತಿರುವಂತೆ ಕಾಣುವುದು. ತನ್ನ ಬಾಳಿನ ಸತ್ಯವನ್ನು ಮನುಷ್ಯನು ತಾನಾಗಿ ನುಡಿಯುವುದು ಒಂದು. ಅದನ್ನು ಪರರು ಅವನ ಬಾಯಿಂದಲೋ ಮನೆಯಿಂದಲೋ ಕಿತ್ತು ತರುವುದು ಇನ್ನೊಂದು.

1895ನೆಯ ಇಸವಿಯ ಲಂಡನ್ ನಗರದಿಂದ ಆರಂಭಿಸಬಹುದು. ಆಗ ಆಸ್ಕರ್ ವೈಲ್ಡನ ಎರಡು ನಾಟಕಗಳು ಏಕಕಾಲದಲ್ಲಿ ಆ ನಗರದ ರಂಗಭೂಮಿಯ ಮೇಲೆ ನಡೆಯುತ್ತಿದ್ದವು. ಅವನ ಸ್ನೇಹಿತನ ತಂದೆಯಾದ ಕ್ವೀನ್ಸ್‌ಬೆರಿಯ ಮಾರ್ಕ್ವಿಸನು ಕ್ಲಬ್ಬೊಂದರಲ್ಲಿ ನಿಂದೆಯ ಚೀಟಿಯನ್ನು ಬಿಟ್ಟುಹೋದುದೇ ಅನರ್ಥಕ್ಕೆ ಮೂಲ. ವೈಲ್ಡನು ಮಾನನಷ್ಟದ ಮೊಕದ್ದಮೆ ಹೂಡಿದನು. ಅದು ಅವನ ಮೇಲೆಯೇ ತಿರುಗಿ ಬಿದ್ದಿತು. ಮೇ 25ರಂದು ಅವನಿಗೆ ಎರಡು ವರ್ಷಗಳ ಕಠಿಣ ಸಜೆಯಾಯಿತು. ನಾಟಕಗಳ ಜಾಹೀರಾತುಗಳಿಂದ ಕರ್ತೃವಿನ ಹೆಸರನ್ನು ತೆಗೆದುಹಾಕಿ ಕೆಲವು ದಿನ ನಾಟಕಗಳನ್ನು ಮಾತ್ರ ನಡೆಯಿಸಿದರು. ಕೃತಿಯು ಬೇಕು, ಕರ್ತೃವು ಬೇಡ! 1900ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ದೇಶಭ್ರಷ್ಟನಾಗಿ ತೀರಿಕೊಂಡನು. ಈ ವಿಚಾರಣೆಯಿಂದ ಮುಂದಿನ ಎರಡು ಮೂರು ತಲೆಮಾರಿನ ಪ್ರಸಿದ್ಧರು ಕಲಿತ ಪಾಠವೊಂದೇ: ಬಾಯಿ ಬಿಡಬಾರದು, ಬಿಟ್ಟರೆ ಸುಳ್ಳನ್ನೇ ಆಡಬೇಕು.

ಈ ಪಾಠವನ್ನು ಲಿಬರಾಚಿ ಎಂಬ ಅಮೆರಿಕದ ಪಿಯಾನೋವಾದಕನಷ್ಟು ಚೆನ್ನಾಗಿ ಒಪ್ಪಿಸಿದವರು ವಿರಳ. ದೂರದರ್ಶನವು ಇನ್ನೂ ಎಳೆಯದಾಗಿದ್ದ 1950ರ ದಶಕದಲ್ಲಿ ಅದರಿಂದಲೇ ಅವನು ಮನೆಮಾತಾದನು. ಅವನ ವೇಷಭೂಷಣಗಳ ಥಳಕನ್ನೂ ಪಿಯಾನೋವಿನ ಮೇಲೆ ಬೆಳಗುತ್ತಿದ್ದ ದೀಪಶಾಖೆಯನ್ನೂ ಕಂಡು ಗೃಹಿಣಿಯರು ಮರುಳಾದರು. 1956ರಲ್ಲಿ ಅವನು ಲಂಡನ್ನಿಗೆ ಬಂದಾಗ 'ಡೈಲಿ ಮಿರರ್' ಪತ್ರಿಕೆಯ ಅಂಕಣಕಾರನೊಬ್ಬನು ಅವನ ಪುರುಷತ್ವವನ್ನೇ ಸಂದೇಹಕ್ಕೆ ಗುರಿಮಾಡುವ ಲೇಖನವನ್ನು ಬರೆದನು. ಲಿಬರಾಚಿಯು ನ್ಯಾಯಸ್ಥಾನಕ್ಕೆ ಹೋದನು. 1959ರಲ್ಲಿ ಪ್ರಮಾಣಪೂರ್ವಕವಾಗಿ, ತಾನು ಅಂತಹವನಲ್ಲವೆಂದು ಹೇಳಿ 8,000 ಪೌಂಡುಗಳ ಪರಿಹಾರವನ್ನು ಗೆದ್ದುಕೊಂಡನು. ಅವನು ಆಡಿದುದು ಸುಳ್ಳೆಂದು ಈಗ ಎಲ್ಲರೂ ಬಲ್ಲರು. ಆದರೆ ಸತ್ಯವನ್ನು ನುಡಿದವನಿಗೆ ಸೆರೆಮನೆಯನ್ನು ಸಿದ್ಧಪಡಿಸಿಟ್ಟಿದ್ದ ಕಾನೂನು ಆಗ ಆ ದೇಶದಲ್ಲಿ ಜಾರಿಯಲ್ಲಿತ್ತು, 1967ರವರೆಗೂ ಇತ್ತು. ಆ ಅಸತ್ಯದ ಪಾಪದಲ್ಲಿ ಹೆಚ್ಚಿನ ಪಾಲು ಯಾರದೆಂಬುದನ್ನು ಧರ್ಮಶಾಸ್ತ್ರವನ್ನು ಓದಿದವರು ನಿರ್ಣಯಿಸಲಿ.

ಅದೇ 1967ರ ಮಾರ್ಚಿಯಲ್ಲಿ ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯು ಈ ಜನರ ವಿಷಯವಾಗಿ ಒಂದು ಗಂಟೆಯ ಕಾರ್ಯಕ್ರಮವನ್ನು ಪ್ರಸಾರಮಾಡಿತು. ಅದರಲ್ಲಿ ಮಾತನಾಡಿದ ಒಬ್ಬನ ಮುಖವು ಕಾಣದಂತೆ ಕುಂಡದಲ್ಲಿ ಬೆಳೆದ ತಾಳೆಯ ಗಿಡವೊಂದನ್ನು ಅಡ್ಡವಾಗಿ ಇಟ್ಟಿದ್ದರು. ಎಲೆಗಳ ಮರೆಯಿಂದ ಒಂದು ಧ್ವನಿ ಮಾತ್ರ. ಇವರು ರೋಗಿಗಳೆಂದು ಆಗಿನ ವೈದ್ಯರ ಮತ. ಅಮೆರಿಕದ ಮನೋವೈದ್ಯರ ಸಂಘವು ರೋಗಗಳ ಪಟ್ಟಿಯಿಂದ ಇದನ್ನು ತೆಗೆದುದು 1973ರ ಡಿಸೆಂಬರಿನಲ್ಲಿ.

ಆ ಮರೆಯನ್ನು ಮೃತ್ಯುವೇ ಸರಿಸಬೇಕಾಯಿತು. ರಾಕ್ ಹಡ್ಸನ್ ಎಂಬ ನಟನು ಚಲಚ್ಚಿತ್ರದಲ್ಲಿಯೂ ದೂರದರ್ಶನದಲ್ಲಿಯೂ ಪೌರುಷದ ಮೂರ್ತಿಯೆಂದು ಹೆಸರಾದವನು. 1985ರ ಜುಲೈ 25ರಂದು, ಅವನು ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವನಿಗೆ ಏಡ್ಸ್ ರೋಗವಿರುವುದನ್ನು ಪ್ರಕಟಿಸಲಾಯಿತು. ಅಕ್ಟೋಬರ್ 2ರಂದು ಅವನು ಮೃತನಾದನು. ಆ ವೇಳೆಗೆ ಆ ರೋಗದಿಂದ ಸಾವಿರಾರು ಮಂದಿ ಸತ್ತಿದ್ದರು. ಆದರೂ ಅಧ್ಯಕ್ಷ ರೇಗನ್ನರು ಅದರ ಹೆಸರನ್ನು ಬಹಿರಂಗವಾಗಿ ಎತ್ತಿದುದು ಆ ಸೆಪ್ಟೆಂಬರಿನಲ್ಲಿ, ಪತ್ರಕರ್ತರು ಕೇಳಿದ ಮೇಲೆ. ಸಾವಿರ ಅನಾಮಧೇಯರ ಮರಣವು ಮಾಡದುದನ್ನು ಒಬ್ಬ ನಟನ ಮರಣವು ಮಾಡಿತೆಂದರೆ ಅದು ಕೀರ್ತಿಯ ಶಕ್ತಿಯೂ ಹೌದು, ಲೋಕದ ಲಜ್ಜಾಸ್ಪದವಾದ ದೌರ್ಬಲ್ಯವೂ ಹೌದು. 1987ರ ಫೆಬ್ರವರಿಯಲ್ಲಿ ಲಿಬರಾಚಿಯೂ ಅದೇ ರೋಗದಿಂದ ತೀರಿಕೊಂಡನು. ಅವನ ಕಡೆಯವರು ಕೊನೆಯವರೆಗೂ ಬೇರೆ ಕಾರಣಗಳನ್ನೇ ಹೇಳುತ್ತಿದ್ದರು; ಸರಕಾರದ ಮರಣ ವಿಚಾರಣಾಧಿಕಾರಿಯು ಶವಪರೀಕ್ಷೆ ಮಾಡಿಸಿ ನಿಜವನ್ನು ಹೊರಗೆಡಹಿದನು.

ಇನ್ನು ಹತ್ತು ವರ್ಷಗಳಲ್ಲಿ ಬೇರೊಂದು ಬಗೆಯ ಪ್ರಸಂಗವು ನಡೆಯಿತು. ಎಲೆನ್ ಡಿಜೆನೆರೆಸ್ ಎಂಬಾಕೆಯು ಎ.ಬಿ.ಸಿ. ಸಂಸ್ಥೆಯಲ್ಲಿ 1994ರಿಂದ ಒಂದು ಹಾಸ್ಯಪ್ರಧಾನವಾದ ಧಾರಾವಾಹಿಯನ್ನು ನಡೆಯಿಸುತ್ತಿದ್ದಳು. ಕಥಾನಾಯಿಕೆಯು ಪುಸ್ತಕದ ಅಂಗಡಿಯವಳು, ಅವಳ ಹೆಸರೂ ಎಲೆನ್. ನಾಯಿಕೆಗೆ ಪ್ರಣಯ ಪ್ರಸಂಗವೇ ಕೂಡಿಬರಲೊಲ್ಲದು. ಬೇಸತ್ತ ಮೇಲಿನವರಿಂದ, ಹಾಗಾದರೆ ಅವಳು ನಾಯಿಮರಿಯನ್ನಾದರೂ ಸಾಕಿಕೊಳ್ಳಲಿ ಎಂಬ ಸಲಹೆ ಬಂದಿತು. ಗುಟ್ಟನ್ನು ಕಾಪಾಡುವುದಕ್ಕಾಗಿ 'ನಾಯಿಮರಿಯ ಸಂಚಿಕೆ' ಎಂಬ ಆ ಹೆಸರನ್ನೇ ಇಟ್ಟುಕೊಂಡು ಬರೆದ ಭಾಗವು 1997ರ ಏಪ್ರಿಲ್ 30ರಂದು ಪ್ರಸಾರವಾಯಿತು. ಅದಕ್ಕೆ ಮುಂಚೆಯೇ, ಏಪ್ರಿಲ್ 14ರ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ನಟಿಯು ತಾನೂ ಅಂತಹವಳೇ ಎಂದು ಒಪ್ಪಿಕೊಂಡಿದ್ದಳು.

ಆ ಸಂಚಿಕೆಯ ಮುಖ್ಯ ದೃಶ್ಯವು ನೆನಪಿನಲ್ಲಿಡತಕ್ಕದ್ದು. ವಿಮಾನ ನಿಲ್ದಾಣದಲ್ಲಿ ನಾಯಿಕೆಯು ತನ್ನ ಮನಸ್ಸನ್ನು ಗೆದ್ದ ಸ್ತ್ರೀಗೆ ನಿಜವನ್ನು ತಿಳಿಸಲು ಓಡಿಬರುತ್ತಾಳೆ. ಮಾತು ಗಂಟಲಿನಲ್ಲಿಯೇ ತಡೆಯುತ್ತದೆ, ತೊದಲುತ್ತಾಳೆ, ಮುಂದಕ್ಕೆ ಬಾಗುತ್ತಾಳೆ. ಬಾಗಿದಲ್ಲಿ ಪ್ರಯಾಣಿಕರಿಗೆ ಸೂಚನೆ ಕೊಡುವ ಧ್ವನಿವರ್ಧಕವಿತ್ತೆಂಬುದು ಅವಳಿಗೆ ತಿಳಿಯದು. ಒಬ್ಬಳ ಕಿವಿಗೆಂದು ಆಡಿದ ಮಾತು ಇಡೀ ನಿಲ್ದಾಣದಲ್ಲಿ ಮೊಳಗುತ್ತದೆ. ಇದಕ್ಕಿಂತ ಯುಕ್ತವಾದ ಸನ್ನಿವೇಶವನ್ನು ಯಾವ ಆಲಂಕಾರಿಕನೂ ಕಲ್ಪಿಸಲಾರನು. ಆಪ್ತವಾದ ನುಡಿಯೊಂದು ಲೋಕದ ನುಡಿಯಾಗುವುದರ ಭಯವೂ ಹಗುರವೂ ಆ ನಗೆಯಲ್ಲಿ ಒಟ್ಟಿಗಿದ್ದುವು. ಅದನ್ನು ಸುಮಾರು 4 ಕೋಟಿ 20 ಲಕ್ಷ ಮಂದಿ ನೋಡಿದರು. ಪ್ರಸಾರಮಾಡಲು ಸ್ಥಳೀಯ ಕೇಂದ್ರವು ನಿರಾಕರಿಸಿದ ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜನರು ಒಂದು ದೊಡ್ಡ ಸಭಾಂಗಣದಲ್ಲಿ ಸೇರಿ, ಉಪಗ್ರಹದ ಮೂಲಕ ತರಿಸಿಕೊಂಡು ನೋಡಿದರು.

ಫಲವು ಕೂಡಲೆ ಮಧುರವಾಗಿರಲಿಲ್ಲ. ಕ್ರೈಸ್ಲರ್ ಮೊದಲಾದ ವ್ಯಾಪಾರ ಸಂಸ್ಥೆಗಳು ಆ ಸಂಚಿಕೆಗೆ ಜಾಹೀರಾತು ಕೊಡಲಿಲ್ಲ. ಜೆರ್ರಿ ಫಾಲ್ವೆಲ್ ಎಂಬ ಪಾದ್ರಿಯು ಅವಳ ಹೆಸರನ್ನೇ ತಿರುಚಿ ಭ್ರಷ್ಟೆಯೆಂಬ ಅರ್ಥ ಬರುವಂತೆ ಮೂದಲಿಸಿದನು. ಮುಂದಿನ ಭಾಗಗಳ ಆರಂಭದಲ್ಲಿ, ಮಕ್ಕಳ ತಂದೆತಾಯಿಗಳಿಗೆ ಎಚ್ಚರಿಕೆಯೆಂದು ಫಲಕವನ್ನು ತೋರಿಸತೊಡಗಿದರು. 1998ರಲ್ಲಿ ಧಾರಾವಾಹಿಯೇ ನಿಂತಿತು. ಆಕೆಯ ಎದುರಿಗೆ ಪ್ರಿಯೆಯಾಗಿ ಅಭಿನಯಿಸಿದ ಲಾರಾ ಡರ್ನ್ ಸಲಿಂಗಾನುರಾಗಿಯಲ್ಲ. ಅವಳಿಗೂ ಆಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸ ದೊರೆಯಲಿಲ್ಲವೆಂದು ಅವಳೇ ಹೇಳಿಕೊಂಡಿದ್ದಾಳೆ. ಆದರೂ ಲಿಬರಾಚಿಯ 8,000 ಪೌಂಡುಗಳನ್ನು ಒಂದು ತಟ್ಟೆಯಲ್ಲಿಯೂ ಈ ನಷ್ಟಗಳನ್ನು ಇನ್ನೊಂದು ತಟ್ಟೆಯಲ್ಲಿಯೂ ಇಟ್ಟು ತೂಗಿದರೆ, ಯಾವುದು ಗೌರವದ ಸಂಪಾದನೆಯೆಂಬುದರಲ್ಲಿ ಸಂಶಯವಿರದು.

1998ರಲ್ಲಿಯೇ ಎನ್.ಬಿ.ಸಿ.ಯಲ್ಲಿ 'ವಿಲ್ ಅಂಡ್ ಗ್ರೇಸ್' ಎಂಬ ಇನ್ನೊಂದು ಧಾರಾವಾಹಿ ಪ್ರಾರಂಭವಾಯಿತು. ಜನರನ್ನು ತಿದ್ದುವುದರಲ್ಲಿ ಅದು ಬೇರೆಲ್ಲದಕ್ಕಿಂತ ಹೆಚ್ಚು ಕೆಲಸ ಮಾಡಿತೆಂಬರ್ಥದ ಮಾತನ್ನು ಉಪಾಧ್ಯಕ್ಷರಾಗಿದ್ದ ಬೈಡನ್ನರು 2012ರ ಮೇ 6ರಂದು ದೂರದರ್ಶನದಲ್ಲಿಯೇ ಹೇಳಿದರು. ಮೂರು ದಿನಗಳಲ್ಲಿ ಅಧ್ಯಕ್ಷ ಒಬಾಮರೂ ಸಲಿಂಗಿಗಳ ವಿವಾಹವನ್ನು ಅನುಮೋದಿಸಿದರು. ಗ್ಯಾಲಪ್ ಸಂಸ್ಥೆಯ ಗಣನೆಯಂತೆ 1996ರಲ್ಲಿ ಇಂತಹ ವಿವಾಹವನ್ನು ಒಪ್ಪಿದ ಅಮೆರಿಕನ್ನರು ನೂರಕ್ಕೆ 27, 2015ರಲ್ಲಿ 60. ಆ ವರ್ಷ ಜೂನ್ 26ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಐವರು ಒಂದು ಕಡೆ ನಾಲ್ವರು ಒಂದು ಕಡೆಯಾಗಿ, ಈ ಹಕ್ಕನ್ನು ದೇಶಕ್ಕೆಲ್ಲ ಅನ್ವಯಿಸಿತು.

ಬೈಡನ್ನರ ಮಾತು ಪೂರ್ಣ ಸತ್ಯವೆನ್ನಲಾಗದು. ರೋಗಿಗಳ ಶುಶ್ರೂಷೆ ಮಾಡಿದವರು, ಮೊಕದ್ದಮೆಗಳನ್ನು ಹೂಡಿ ಸೋತು ಮತ್ತೆ ಹೂಡಿದವರು, ಊಟಕ್ಕೆ ಕುಳಿತ ತಂದೆತಾಯಿಗಳ ಎದುರಿಗೆ ನಡುಗುವ ದನಿಯಲ್ಲಿ ನಿಜ ನುಡಿದವರು, ಇವರಿಗೆ ಯಾವ ಮುಖಪುಟವೂ ದೊರೆಯಲಿಲ್ಲ. ತಾರೆಯರ ಕೀರ್ತಿಯನ್ನು ಹಕ್ಕಿನ ಆಧಾರಸ್ತಂಭವೆಂದು ತಿಳಿಯುವುದು ಅಪಾಯವೂ ಹೌದು. ಎಲೆನ್ ಡಿಜೆನೆರೆಸ್ 2003ರಲ್ಲಿ ಸಂಭಾಷಣೆಯ ಕಾರ್ಯಕ್ರಮದೊಡನೆ ಮರಳಿ ಬಂದು ಅಪಾರ ಐಶ್ವರ್ಯವನ್ನು ಪಡೆದಳು. 2016ರಲ್ಲಿ ಒಬಾಮರಿಂದ ದೇಶದ ಉನ್ನತ ಪದಕವನ್ನು ಧರಿಸಿದಳು. 2020ರಲ್ಲಿ ಆ ಕಾರ್ಯಕ್ರಮದ ಕೆಲಸಗಾರರು, ದಯೆಯನ್ನು ಬೋಧಿಸುವ ಆ ಸ್ಥಳದಲ್ಲಿ ತಮ್ಮನ್ನು ದಯೆಯಿಂದ ನಡೆಸಿಕೊಳ್ಳಲಿಲ್ಲವೆಂದು ದೂರಿದರು. ಆಕೆ ಬಹಿರಂಗವಾಗಿ ಕ್ಷಮೆ ಕೇಳಿದಳು. 2022ರ ಮೇ ತಿಂಗಳಿನಲ್ಲಿ ಕಾರ್ಯಕ್ರಮವು ಮುಗಿಯಿತು. 1997ರ ಆ ಮಾತಿನ ಬೆಲೆಯು ಇದರಿಂದ ಒಂದು ಕಾಸೂ ಕಡಿಮೆಯಾಗದು. ಮಾತನ್ನು ಆಡಿದವರು ಮಹಾತ್ಮರಾಗಿರಬೇಕೆಂಬ ನಿಯಮವೇನೂ ಇಲ್ಲ.

ಭಾರತದಲ್ಲಿ ಇದೇ ದೂರದರ್ಶನದ ಯಂತ್ರವು ಬೇರೊಂದು ಕೆಲಸವನ್ನು ಮಾಡಿದೆ. ಅದನ್ನು ಹೇಳುವ ಮೊದಲು ಶಾಸ್ತ್ರದ ಮಾತೊಂದನ್ನು ಪ್ರಾಸಂಗಿಕವಾಗಿ ಎತ್ತಬಹುದು. ನಮ್ಮ ಪ್ರಾಚೀನರು ಇದನ್ನು ಘೋರಪಾತಕವೆಂದೇ ಎಣಿಸಿದ್ದರೆಂದು ಪಂಡಿತರೂ ಪಾಮರರೂ ಹೇಳುವುದುಂಟು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಇದು ಜಾತಿಭ್ರಂಶಕರಗಳಲ್ಲಿ ಎಣಿಸಲ್ಪಟ್ಟಿದೆ, ನಿಜ. ಅದೇ ಅಧ್ಯಾಯದಲ್ಲಿ ಮುಂದೆ, ಪುರುಷನೊಡನೆ ಕೂಡಿದ ದ್ವಿಜನಿಗೂ, ಎತ್ತಿನ ಗಾಡಿಯಲ್ಲಿಯೋ ನೀರಿನಲ್ಲಿಯೋ ಹಗಲಿನಲ್ಲಿಯೋ ಸ್ತ್ರೀಯೊಡನೆ ಕೂಡಿದವನಿಗೂ ಒಂದೇ ಪ್ರಾಯಶ್ಚಿತ್ತ: ಉಟ್ಟ ಬಟ್ಟೆಯೊಡನೆ ಸ್ನಾನ. 1860ರ ಭಾರತೀಯ ದಂಡಸಂಹಿತೆಯ 377ನೆಯ ವಿಧಿಯಾದರೋ ಆಜೀವ ಕಾರಾಗೃಹವಾಸದವರೆಗೆ ಶಿಕ್ಷೆಯನ್ನು ವಿಧಿಸಿತು. ಮೆಕಾಲೆಯ ವಂಶದ ಈ ವಿಧಿಯನ್ನು ಸನಾತನವೆಂದು ಅಪ್ಪಿಕೊಂಡವರು ಮನುವನ್ನು ಕೊನೆಯವರೆಗೆ ಓದಲಿಲ್ಲವೆಂದೇ ತೋರುವುದು.

ಶ್ರೀನಿವಾಸ ರಾಮಚಂದ್ರ ಸಿರಾಸರು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿಯ ಪ್ರಾಧ್ಯಾಪಕರು, ಕವಿಗಳು. ನಿವೃತ್ತಿಗೆ ಇನ್ನು ಕೆಲವೇ ತಿಂಗಳುಗಳಿದ್ದುವು. 2010ರ ಫೆಬ್ರವರಿ 8ರ ರಾತ್ರಿ ಕ್ಯಾಮೆರಾ ಹಿಡಿದವರು ಅವರ ಮನೆಗೆ ನುಗ್ಗಿ, ಅವರು ಇನ್ನೊಬ್ಬ ಪುರುಷನ ಸಂಗಡ ಇದ್ದುದನ್ನು ಚಿತ್ರಿಸಿದರು. ವಿಶ್ವವಿದ್ಯಾಲಯವು ನುಗ್ಗಿದವರನ್ನು ಹಿಡಿದು ಕೇಳುವುದಕ್ಕೆ ಬದಲಾಗಿ ಪ್ರಾಧ್ಯಾಪಕರನ್ನೇ ಕೆಲಸದಿಂದ ಅಮಾನತು ಮಾಡಿತು. ಏಪ್ರಿಲ್ 1ರಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು ಆ ಅಮಾನತಿಗೆ ತಡೆಯಾಜ್ಞೆ ಕೊಟ್ಟಿತು. ಏಪ್ರಿಲ್ 7ರಂದು ಅವರ ಶವವು ಅವರು ವಾಸವಾಗಿದ್ದ ಕೋಣೆಯಲ್ಲಿ ಸಿಕ್ಕಿತು. ಅವರ ಬಾಳನ್ನು ಕುರಿತು ಮುಂದೆ ಚಲಚ್ಚಿತ್ರವಾಯಿತು; ಬದುಕಿದ್ದಾಗ ಅವರು ಬೇಡಿದುದು ಬಾಗಿಲನ್ನು ಮುಚ್ಚಿಕೊಂಡಿರುವ ಸ್ವಾತಂತ್ರ್ಯವನ್ನಷ್ಟೇ. ಮರುವರ್ಷ, 2011ರಲ್ಲಿ, ಹೈದರಾಬಾದಿನ ತೆಲುಗು ವಾರ್ತಾವಾಹಿನಿಯೊಂದು ಇಂತಹ ತರುಣರ ದೂರವಾಣಿ ಸಂಭಾಷಣೆಗಳನ್ನು ಕದ್ದು ಧ್ವನಿಮುದ್ರಿಸಿಕೊಂಡು ಬಿತ್ತರಿಸಿತು. ವಾರ್ತಾಪ್ರಸಾರಕರ ಶಿಸ್ತಿನ ಪ್ರಾಧಿಕಾರವು ಅದಕ್ಕೆ 1 ಲಕ್ಷ ರೂಪಾಯಿಗಳ ದಂಡವನ್ನು ಹಾಕಿ ಕ್ಷಮಾಯಾಚನೆಯನ್ನು ಪ್ರಸಾರಮಾಡಿಸಿತು. ಎಲೆನ್ ನಾಟಕದ ಧ್ವನಿವರ್ಧಕಕ್ಕೂ ಈ ಕದ್ದ ಧ್ವನಿಗೂ ಎಷ್ಟು ಅಂತರ!

ಮುಚ್ಚಿದ ಬಾಗಿಲಿಗೆ ಬೆಲೆಯನ್ನು ತಂದುಕೊಟ್ಟವರು ಕರ್ಣಾಟಕದವರೇ. ಕರ್ಣಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ತಮ್ಮ ಇಳಿವಯಸ್ಸಿನಲ್ಲಿ ಆಧಾರ್ ಯೋಜನೆಯ ವಿರುದ್ಧ ಅರ್ಜಿಯನ್ನು ಸಲ್ಲಿಸಿದರು. ಅವರ ಮನಸ್ಸಿನಲ್ಲಿದ್ದುದು ಸರಕಾರವು ಕೇಳುವ ಬೆರಳಚ್ಚುಗಳೇ ಹೊರತು ಪ್ರಣಯವಲ್ಲ. ಆದರೆ ಆ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ, ಮನುಷ್ಯನ ಅನುರಾಗದ ಒಲವೂ ಅದರ ತಿರುಳಿನೊಳಗೆ ಸೇರಿದುದೆಂಬ ಮಾತು ತೀರ್ಪಿನಲ್ಲಿ ಬಂದಿತು. ಒಂದು ವರ್ಷದಲ್ಲಿ, 2018ರ ಸೆಪ್ಟೆಂಬರ್ 6ರಂದು, ಭರತನಾಟ್ಯದ ಕಲಾವಿದರಾದ ನವತೇಜ್ ಸಿಂಗ್ ಜೋಹರ್ ಮೊದಲಾದವರ ಅರ್ಜಿಯ ಮೇಲೆ, ಒಪ್ಪಿಗೆಯುಳ್ಳ ವಯಸ್ಕರ ಮಟ್ಟಿಗೆ 377ನೆಯ ವಿಧಿಯು ಅಳಿಯಿತು.

ವಿವಾಹದ ಪ್ರಶ್ನೆಯು 2023ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಿತು. ಏಪ್ರಿಲ್ 18ರಿಂದ ಹತ್ತು ದಿನಗಳ ವಾದವನ್ನು ನ್ಯಾಯಾಲಯವೇ ನೇರವಾಗಿ ಪ್ರಸಾರಮಾಡಿತು. ಅರ್ಜಿದಾರರು ತಮ್ಮ ತಮ್ಮ ಹೆಸರುಗಳಿಂದಲೇ ಬಂದಿದ್ದರು. ಅಕ್ಟೋಬರ್ 17ರ ತೀರ್ಪು ಅವರಿಗೆ ಅನುಕೂಲವಾಗಲಿಲ್ಲ.